ಕುದುರೆ ತಿನ್ನದ ಹುಲ್ಲು

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಈ ತಪ್ಪಿಗೆ ಅದು ಕಾರಣವಲ್ಲ. ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಅಣ್ಣ ಆಗ ತಾಳವಾಡಿಯಿಂದ ನಮ್ಮೂರಿಗೆ ಕುದುರೆಗಾಡಿ ಹೊಡೆಯುತ್ತಿದ್ದ. ಊರಿಗೆ ಮೊಬೈಲು ಬಂದಿತ್ತು, ಆಟೋಗಳು ಇನ್ನೂ ಹೆಚ್ಚಿರಲಿಲ್ಲ. ಅವನ ಕಂದು ಹೆಣ್ಣುಕುದುರೆ ಆ ಬೇಸಿಗೆಯಲ್ಲಿ ಕಾಲೆಳೆಯತೊಡಗಿತು. ಮೇವನ್ನು ನಿಧಾನಕ್ಕೆ ಅಗಿದು ಅರ್ಧ ಉಗುಳುತ್ತಿತ್ತು. ನಾವು ಹಾಕುತ್ತಿದ್ದದ್ದು ಬೆಟ್ಟದ ಒಣಹುಲ್ಲು, ಜೊತೆಗೆ ಬಕೆಟ್ಟು ತುಂಬ ತವುಡು. ದನದ ಡಾಕ್ಟರು ಅದರ ದವಡೆ ಒತ್ತಿ ನೋಡಿದರು. ತವುಡು ಹೆಚ್ಚಾಗಿ, ಹುಲ್ಲಿನಲ್ಲಿ ಸುಣ್ಣದ ಅಂಶ ಕಡಿಮೆಯಾದರೆ ಕುದುರೆ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ ಎಂದರು.

"ಹುಲ್ಲಿನ ಮೆದೆಯ ಮೇಲಿಂದ, ನಡುವಿಂದ, ಅಡಿಯಿಂದ ಒಂದೊಂದು ಹಿಡಿ ತೆಗೆದು, ಸಣ್ಣಗೆ ಕತ್ತರಿಸಿ ಕೊಡಮ್ಮ. ಪರೀಕ್ಷೆಗೆ ಈರೋಡಿಗೆ ಕಳಿಸ್ತೀನಿ. ಖನಿಜದ ಪುಡಿ ಎಷ್ಟು ಬೇಕು ಅಂತ ಆಮೇಲೆ ಹೇಳ್ತೀನಿ."

ನಾನು ಮೆದೆಯ ಅಡಿಗೆ ಕೈ ಹಾಕಿದೆ. ಹುಲ್ಲು ಮಳೆಗೆ ನೆನೆದು ಕಪ್ಪಾಗಿ, ಮುಗ್ಗಲು ವಾಸನೆ ಹೊಡೆಯುತ್ತಿತ್ತು. ನಾವು ರಾಗಿಮುದ್ದೆ ಉಂಡರೂ ಮನೆಗೆ ಬಂದವರಿಗೆ ಅನ್ನ ಬೇಯಿಸುವುದು ನಮ್ಮವ್ವನ ಪದ್ಧತಿ. ಈರೋಡಿನ ಆಫೀಸಿನವರ ಮುಂದೆ ಈ ಕೊಳಕು ಹುಲ್ಲನ್ನು ಹೇಗೆ ಇಡುವುದು? ಪಕ್ಕದ ಹೊಲದವರನ್ನು ಕೇಳಿ, ಅವರ ಬಾವಿಯ ಬಳಿ ಬೆಳೆದಿದ್ದ ಕುದುರೆ ಮಸಾಲೆ ಎಂಬ ಹಸಿರು ಮೇವಿನ ಸೊಪ್ಪು ಕೊಯ್ದು ತಂದೆ. ಒಣಗಿಸಿ, ಕತ್ತರಿಸಿ, ಚೀಲದ ಬಾಯಿ ಹೊಲಿದೆ. ಅಣ್ಣ ಬಿಚ್ಚಿ ನೋಡದೆ ಒಯ್ದು ಕೊಟ್ಟ.

ಕೆಲವು ವಾರ ಕಳೆದು ಅವನು ನಗುತ್ತಾ ಬಂದ.

"ನಮ್ ಉಲ್ಲು ಬೋ ಸಂದಾಗದಂತೆ ಕಣಮ್ಮಿ! ಸುಣ್ಣ ಬೇಕಾದಷ್ಟದೆ, ಪುಡಿಗಿಡಿ ಏನೂ ಬ್ಯಾಡ್ವಂತೆ."

ಆ ಖುಷಿಗೆ ಬಕೆಟ್ಟಿಗೆ ಇನ್ನೆರಡು ಬೊಗಸೆ ತವುಡು ಸುರಿದ. ನಾನು ನೋಡುತ್ತಾ ನಿಂತಿದ್ದೆ. ಅವತ್ತು ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಕುದುರೆಯ ಕಣ್ಣಿನ ಕೆಳಗೆ, ಎರಡೂ ಕಡೆ, ಮೂಳೆ ಉಬ್ಬಿಕೊಂಡಿತ್ತು. ಅಣ್ಣ ಅದನ್ನು ಸವರುತ್ತಾ, "ಯಾವೋನೋ ಕಣ್ಣಾಕ್ಬುಟ್ಟ ಕಣಮ್ಮಿ," ಎಂದ.

"ಯಾರೂ ಆಕ್ಲಿಲ್ಲ ಅಣ್ಣೋ. ನಾನು ಕೊಟ್ಟಿದ್ದು ನಮ್ ಉಲ್ಲಲ್ಲ."

ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. ಕುದುರೆಯ ಜೂಲಿನ ಗಂಟು ಬಿಡಿಸತೊಡಗಿದ.

"ಈರೋಡ್ನ ಪರೀಕ್ಸೆ ಮಿಸೀನ್ಗೆ ನೀ ನೆಂಟ್ರೂಟ ಇಕ್ದೆ," ಎಂದ. "ನಮ್ ಎಣ್ ಕುದ್ರೆಗೆ ಕರೀ ಉಲ್ಲು."

ಎರಡನೇ ಸಲ ಮೆದೆಯ ಅಡಿಯ ಹುಲ್ಲನ್ನೇ ಮೊದಲು ಚೀಲಕ್ಕೆ ಹಾಕಿದೆ. ಸುಣ್ಣ ತೀರಾ ಕಡಿಮೆ ಎಂದು ಬಂತು. ತವುಡು ನಿಂತಿತು, ಪುಡಿ ಶುರುವಾಯಿತು. ಕುಂಟು ಮೆಲ್ಲಗೆ ಹೋಯಿತು, ಉಬ್ಬು ಹೋಗಲಿಲ್ಲ. ಗಾಡಿಗೆ ಮತ್ತೆ ಕಟ್ಟಬೇಡಿ ಎಂದರು ಡಾಕ್ಟರು. ಅಣ್ಣ ಗಾಡಿ ಮಾರಿದ, ಕುದುರೆ ಮಾರಲಿಲ್ಲ.

ಅದು ಬದುಕಿರುವವರೆಗೂ ನೆನೆಸಿದ ಹುರುಳಿಗೆ ಪುಡಿ ಕಲಸಿ ಇಡುವ ಕೆಲಸ ನನ್ನದೇ ಆಗಿತ್ತು. ನನ್ನ ಬಳೆ ಸದ್ದಿಗೆ ಅದು ಆ ಉಬ್ಬಿದ ಮುಖ ತಿರುಗಿಸುತ್ತಿತ್ತು. ಎಷ್ಟು ವರ್ಷವಾದರೂ ಅದನ್ನು ನೇರವಾಗಿ ನೋಡುವುದು ನನಗೆ ರೂಢಿಯಾಗಲಿಲ್ಲ.