ಕೂಟಕ್ಕೆ ಮೀನು ತರುವವನು
ನಮ್ಮ ಓಹಾಯೋದಲ್ಲಿ ಮನೆತನಕ್ಕೊಬ್ಬ ಡೆಲ್ಮರ್ ಇರುತ್ತಾನೆ. ನಮ್ಮವನು ನನ್ನ ತಂಗಿಯ ಗಂಡ. ಬೇಸಿಗೆಯ ಕುಟುಂಬಕೂಟಕ್ಕೆ ರಾಜ್ಯ ಉದ್ಯಾನದ ಕೆರೆದಂಡೆಯ ಚಪ್ಪರವನ್ನು ಹಿಮ ಬೀಳುವಾಗಲೇ ಕಾದಿರಿಸುವವನು, ನಸುಕಿನಲ್ಲೇ ಬಂದು ಬೆಂಚುಗಳ ಮೇಲಿನ ಹಕ್ಕಿಹಿಕ್ಕೆ ಒರೆಸುವವನು ಅವನೇ. ಅಂಗಡಿಯ ಮೀನು ಹುರಿದರೆ ಅದು ಕೂಟವೇ ಅಲ್ಲವೆಂಬುದು ಅವನ ಸಿದ್ಧಾಂತ. ಹಾಗಾಗಿ ನೆಂಟರು ಬಂದಿಳಿಯುವ ಹೊತ್ತಿಗೆ ಅವನು ದೋಣಿಯಲ್ಲಿರುತ್ತಾನೆ. ಗಾಳಕ್ಕೆ ಸಿಕ್ಕಿಸುವ ಮುನ್ನ ಎರೆಹುಳುವಿಗೂ 'ಬೇಜಾರು ಮಾಡ್ಕೋಬೇಡಪ್ಪ' ಎನ್ನುವ ಮನುಷ್ಯ. ಹಿಡಿದದ್ದನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಹುರಿದಿಟ್ಟರೆ ಆರುವ ಮುಂಚೆಯೇ ತಟ್ಟೆ ಖಾಲಿ. "ಇಷ್ಟೇನಾ ಭಾವ? ಕೆರೇಲಿ ಮೀನು ಮುಗೀತೋ, ನಿಮಗೇ ವಯಸ್ಸಾಯ್ತೋ?" ಎಂದು ನನ್ನ ತಮ್ಮ ವರ್ನನ್ ಬೆರಳು ನೆಕ್ಕುತ್ತ ಕೆಣಕುತ್ತಾನೆ. "ತರ್ತೀನಿ ಮಾರಾಯ. ಫೋಟೋ ತೆಗೆಯೋವಾಗ ಮಾತ್ರ ಒಂದು ಕೂಗು ಹಾಕ್ರಪ್ಪ," ಎನ್ನುತ್ತ ಡೆಲ್ಮರ್ ಮತ್ತೆ ದೋಣಿ ಹತ್ತುತ್ತಾನೆ. ಯಾರೂ ಕೂಗುವುದಿಲ್ಲ. ತಂಗಿಯ ಮನೆಯ ಗೋಡೆಯಲ್ಲಿ ಸಾಲಾಗಿ ತೂಗುವ ಯಾವ ವರ್ಷದ ಪಟದಲ್ಲೂ ಅವನಿಲ್ಲ. ಈ ಸಲ ಎಲ್ಲರೂ ಕೆರೆಗೆ ಬೆನ್ನು ಮಾಡಿ ನಿಂತಾಗ, "ಅವನನ್ನು ಕರೆಯಿರಿ," ಎಂದೆ. "ಅವರ ಮುಖ ನೋಡದೋರು ಇಲ್ಲಿ ಯಾರಿದಾರಕ್ಕ? ಮೀನು ತರ್ಲಿ ಬಿಡು," ಎಂದಳು ತಂಗಿ. ಎಲ್ಲರೂ ನಕ್ಕರು, ಕ್ಯಾಮೆರಾಕ್ಕೆ ಬೇಕಾಗಿದ್ದ ನಗು ಸಿಕ್ಕಿತು. ನಾನೊಬ್ಬಳು ತಿರುಗಿ ನೋಡಿದೆ. ದೂರದ ನೀರಿನ ನಡುವೆ ಡೆಲ್ಮರ್ ಗಾಳ ಕೆಳಗಿಟ್ಟು, ಟೋಪಿ ತೆಗೆದು, ಇದ್ದ ನಾಲ್ಕು ಕೂದಲನ್ನು ಸವರಿಕೊಂಡು, ತೂಗಾಡುವ ದೋಣಿಯಲ್ಲಿ ನಮ್ಮತ್ತ ಮುಖಮಾಡಿ ನೆಟ್ಟಗೆ ನಿಂತಿದ್ದ.