ಚನ್ನಿಯ ನಡುಗುವ ಅಂಗಿ

ನನ್ನ ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಎದೆಗೆ ಒಂದು ದಪ್ಪ ಅಂಗಿ ಬಿಗಿದು, ಅದಕ್ಕೆ ಎರಡು ಕೊಳವೆ ಸಿಕ್ಕಿಸಿ ಗುಂಡಿ ಒತ್ತಿದರು. ಅಂಗಿ ಉಬ್ಬಿತು. ಮರುಗಳಿಗೆಯಲ್ಲಿ ಮೂರು ವರ್ಷದ ಕೂಸು ಗಡಗಡ ನಡುಗತೊಡಗಿತು. ಗಲ್ಲ ನಡುಗಿತು, ಜುಟ್ಟು ನಡುಗಿತು, ಕಾಲಗೆಜ್ಜೆ ತಾನಾಗಿಯೇ ಸದ್ದು ಮಾಡಿತು. "ನಿಲ್ಲಸ್ರೀ, ಕೂಸು ಸಾಯತೈತಿ!" ಎಂದು ನಾನು ಚೀರಿದೆ. ಮುಂಬಯಿಯ ಆ ಆಸ್ಪತ್ರೆಯ ಕೋಣೆಯಲ್ಲಿ ಕನ್ನಡ ತಿಳಿಯುವವರು ನಾವು ಮೂವರೇ: ನಾನು, ನನ್ನ ಗಂಡ, ಆ ಕೂಸು. ಗಂಡ ಗೋಡೆಗೆ ಆತು ನಿಂತಿದ್ದರು. ಕೂಸು ಮಾತ್ರ ನನ್ನ ಕಡೆ ತಿರುಗಿ "ಯವ್ವಾ" ಎಂದಿತು. ಆ ಎರಡಕ್ಷರ ತುಂಡುತುಂಡಾಗಿ ಹೊರಬಿತ್ತು. ತನ್ನ ದನಿ ಹಾಗೆ ಒಡೆದದ್ದು ಚನ್ನಿಗೆ ಭಾರಿ ಮೋಜೆನಿಸಿ, ನಗುತ್ತ ನಗುತ್ತ ಮತ್ತೆ ಮತ್ತೆ ಯವ್ವಾ ಎನ್ನತೊಡಗಿದಳು.

ಮುಂಬಯಿ ನನಗೆ ಪರಿಚಯವಾದದ್ದು ಹೀಗೆ. ಎಲ್ಲರೂ ಮೊದಲು ನೋಡುವ ಸಮುದ್ರವನ್ನು ನಾನು ನೋಡಿದ್ದು ಎಷ್ಟೋ ತಿಂಗಳ ಮೇಲೆ.

ನಾವು ಬನಹಟ್ಟಿಯವರು, ಮಗ್ಗದ ಮನೆತನ. ಮನೆಯ ಮುಂದಿನ ಅರ್ಧದಲ್ಲಿ ಪವರ್‌ಲೂಮು, ಹಿಂದಿನ ಅರ್ಧದಲ್ಲಿ ಮನುಷ್ಯರು. ನಾನು ರಬಕವಿಯ ಒಂದು ಸಣ್ಣ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಗಂಡ ಮಲ್ಲಪ್ಪ ನನ್ನ ಸ್ವಂತ ಸೋದರತ್ತೆಯ ಮಗ. ಹಾಗಾಗಿ ನನಗೆ ಅತ್ತೆಮನೆಯ ಕಾಟ ಎಂಬುದು ಗೊತ್ತೇ ಇರಲಿಲ್ಲ. ಎತ್ತಿ ಆಡಿಸಿದವರ ಮನೆಗೇ ಸೊಸೆಯಾಗಿ ಹೋದವಳು ನಾನು. ಮುಂದೆ ಮುಂಬಯಿಯ ಡಾಕ್ಟರು ಮೊದಲು ಕೇಳಿದ ಪ್ರಶ್ನೆಯೇ ಅದು, ಗಂಡಹೆಂಡತಿ ರಕ್ತಸಂಬಂಧಿಗಳೇ ಎಂದು. ಹೌದು ಎಂದಾಗ ಅವರು ತಲೆಯಾಡಿಸಿದರು. ನಮ್ಮ ಮದುವೆಯಲ್ಲಿ ಎಲ್ಲರೂ ಮೆಚ್ಚಿಕೊಂಡ ಸಂಗತಿ ಅಲ್ಲಿ ರೋಗದ ಮೂಲವಾಗಿ ಕೂತಿತ್ತು.

ಚನ್ನಿ ಹುಟ್ಟಿದಾಗಿನಿಂದ ಕೆಮ್ಮುತ್ತಿದ್ದಳು. ಗಬಗಬ ತಿನ್ನುವಳು, ಮೈ ಹತ್ತುತ್ತಿರಲಿಲ್ಲ. ಜಮಖಂಡಿಯಲ್ಲಿ ನ್ಯುಮೋನಿಯಾ ಎಂದರು, ಮುಧೋಳದಲ್ಲಿ ಟಿ.ಬಿ. ಎಂದರು. ಟಿ.ಬಿ. ಗುಳಿಗೆ ಪೂರ್ತಿ ನುಂಗಿಸಿದರೂ ಕೆಮ್ಮು ಹಾಗೇ ಉಳಿಯಿತು. ಓಣಿಯವರು ದೃಷ್ಟಿ ಎಂದರು. ಮುತ್ತು ಕೊಟ್ಟರೆ ಅವಳ ಹಣೆ ಉಪ್ಪುಪ್ಪಾಗಿರುತ್ತಿತ್ತು. ಅದನ್ನು ಮೊದಲು ಗಮನಿಸಿದವರು ನನ್ನ ಅತ್ತೆಯೇ.

"ಕೂಸಿನ ಮೈಯಾಗ ಉಪ್ಪ ಭಾಳ ಆಗೇತಿ ಬೇ. ನೋಡ, ಹೊರಗ ಬರಾಕತ್ತೈತಿ. ಇನ್ನ ಆಕಿ ಊಟಕ್ಕ ಉಪ್ಪ ಹಾಕಬ್ಯಾಡ" ಎಂದರು.

ನನಗೂ ಸರಿ ಎನಿಸಿತು. ಹೆಚ್ಚಾದದ್ದನ್ನು ಕಡಿಮೆ ಮಾಡಬೇಕಲ್ಲವೇ? ರೊಟ್ಟಿಗೆ ಸಪ್ಪನ ಬೇಳೆ, ಸಪ್ಪನ ಮಜ್ಜಿಗೆ. ಬೇಸಿಗೆ ಏರಿದ ಹಾಗೆ ಕೂಸು ಬಾಡಿ, ಒಂದು ಮಧ್ಯಾಹ್ನ ಕಣ್ಣು ಮೇಲೆ ಮಾಡಿತು. ಮಿರಜಿಗೆ ಓಡಿದೆವು. ಅಲ್ಲಿಯ ಡಾಕ್ಟರು ಹಣೆ ಮುಟ್ಟಿ, ಬೆರಳು ನಾಲಿಗೆಗೆ ಇಟ್ಟುಕೊಂಡು, ನಮ್ಮ ಕಡೆ ನೋಡಿದರು. ಈ ಕೂಸಿನ ಬೆವರಿನಲ್ಲಿ ಉಪ್ಪೆಲ್ಲ ಸೋರಿಹೋಗುತ್ತಿದೆ, ಬೇರೆ ಮಕ್ಕಳಿಗಿಂತ ಹೆಚ್ಚು ಉಪ್ಪು ಕೊಡಬೇಕಿತ್ತು ಎಂದು ಬೈದು, ಬೆವರಿನ ಪರೀಕ್ಷೆಗೆಂದು ಮುಂಬಯಿಗೆ ಕಳಿಸಿದರು. ಅತ್ತೆ ಆ ದಿನದಿಂದ ತಾವೇ ಉಪ್ಪು ಬಿಟ್ಟರು. ಎಷ್ಟು ಹೇಳಿದರೂ ಕೇಳಲಿಲ್ಲ.

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹೆಸರು ಕೇಳಿದ್ದು ಮುಂಬಯಿಯಲ್ಲಿ. ಎಲ್ಲರ ಎದೆಯಲ್ಲೂ ಕಫ ತೆಳ್ಳಗೆ ಹರಿದರೆ ಇಂಥ ಮಕ್ಕಳಲ್ಲಿ ಅದು ನೂಲಿಗೆ ಹಚ್ಚುವ ಗಂಜಿ ಒಣಗಿದಂತೆ ಅಂಟಿಕೊಳ್ಳುತ್ತದೆ. ಅದರಲ್ಲಿ ರೋಗಾಣು ಮನೆ ಮಾಡುತ್ತವೆ. ಆ ಕಫವನ್ನು ದಿನಾ ಬೆಳಿಗ್ಗೆ ಸಂಜೆ ಬಡಿದು ಬಡಿದು ಸಡಿಲಿಸಿ ಕೆಮ್ಮಿಸಿ ತೆಗೆಯಬೇಕು. ಬದುಕಿರುವವರೆಗೂ. ಯಂತ್ರದ ಅಂಗಿ ಮಾಡುತ್ತಿದ್ದದ್ದು ಅದೇ ಕೆಲಸ. ವಾಸಿಯಾಗುವುದು ಯಾವಾಗ ಎಂದು ಕೇಳಿದೆವು. ಡಾಕ್ಟರಮ್ಮ ನಮಗೆ ಸುಳ್ಳು ಹೇಳಲಿಲ್ಲ, ವಾಸಿಯಾಗುವುದಿಲ್ಲ ಎಂದರು. ಮಗ್ಗದ ಮನೆಯಲ್ಲಿ ಹತ್ತಿಯ ಧೂಳು, ಅಲ್ಲಿ ಇಡಬೇಡಿ, ಆಸ್ಪತ್ರೆಗೆ ಹತ್ತಿರ ಇರಿ ಎಂದೂ ಹೇಳಿದರು. ಹಾಗೆ ನಾವು ಮುಂಬಯಿಯವರಾದೆವು.

ನನ್ನ ತವರಿನವರು ಬೀಳಗಿ ಕಡೆಯ ನದೀದಂಡೆಯವರು. ಆಣೆಕಟ್ಟಿನ ಹಿನ್ನೀರು ಬಂದಾಗ ಊರು ಬಿಟ್ಟವರು. ಆಗ ಅವರ ಜೊತೆ ಇಡೀ ಊರೇ ಎದ್ದಿತ್ತು. ದೇವರು, ದನ, ಬಾಗಿಲ ಚೌಕಟ್ಟು, ಜಗಳಗಂಟ ನೆರೆಯವರು, ಎಲ್ಲರೂ ಟ್ರ್ಯಾಕ್ಟರು ಹತ್ತಿ ಗುಡ್ಡದ ಮೇಲಿನ ಹೊಸ ಊರಿಗೆ ಹೋದರು. ಅಳುವಾಗಲೂ ಪಕ್ಕದಲ್ಲಿ ಪರಿಚಯದ ಮುಖವಿತ್ತು. ನಾವು ಮೂವರು ಕುಡಚಿಯಲ್ಲಿ ರೈಲು ಹತ್ತಿದಾಗ ಪಕ್ಕದಲ್ಲಿ ಕೂತವರು ನಮ್ಮನ್ನು ಮದುವೆಗೆ ಹೊರಟಿದ್ದೀರಾ ಎಂದು ಕೇಳಿದರು.

ಪರೇಲಿನ ಒಂದು ಹಳೆಯ ಚಾಳಿನಲ್ಲಿ ಖೋಲಿ ಸಿಕ್ಕಿತು. ಖೋಲಿ ಎಂದರೆ ನಮ್ಮಲ್ಲಿ ಮನೆಯೊಳಗಿನ ಒಂದು ಕೋಣೆ, ಇಲ್ಲಿ ಅದೇ ಇಡೀ ಮನೆ. ಅದರ ಒಂದು ಮೂಲೆಗೆ ಮೊಳಕಾಲೆತ್ತರದ ಕಟ್ಟೆ ಕಟ್ಟಿರುತ್ತಾರೆ, ಅದಕ್ಕೆ ಮೋರಿ ಎನ್ನುತ್ತಾರೆ. ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಅಲ್ಲೇ. ನಮ್ಮ ಬನಹಟ್ಟಿಯಲ್ಲಿ ಮಗ್ಗಗಳಿಗೇ ಇದಕ್ಕಿಂತ ಹೆಚ್ಚು ಜಾಗವಿದೆ ಎಂದು ಗಂಡನನ್ನು ಚುಚ್ಚುತ್ತಿದ್ದೆ. ಅವರಿಗೆ ಬಟ್ಟೆ ಅಂಗಡಿಯೊಂದರಲ್ಲಿ ಗಂಟು ಕಟ್ಟುವ ಕೆಲಸ. ನೇಯುವವನು ಇನ್ನೊಬ್ಬರು ನೇಯ್ದದ್ದನ್ನು ಕಟ್ಟಬೇಕಾಯಿತು. 

ಮರಾಠಿ ಬರುತ್ತದೆ ಎಂಬ ಜಂಬ ನನಗಿತ್ತು. ನಮ್ಮದು ಸಂತೆಯ ಮರಾಠಿ ಎಂಬುದು ಇಲ್ಲಿ ಬಾಯಿ ತೆರೆದಾಗ ಗೊತ್ತಾಯಿತು. ಬೇರೆಯವರು ತರಕಾರಿ ಕೊಳ್ಳುತ್ತ ಭಾಷೆ ಕಲಿಯುತ್ತಾರೆ, ನಾನು ಮಗಳ ಎದೆಯಿಂದ ಕಲಿತೆ. ಖೋಕಲಾ ಎಂದರೆ ಕೆಮ್ಮು, ಘಾಮ ಎಂದರೆ ಬೆವರು, ಬೇಡಕಾ ಎಂದರೆ ಗಟ್ಟಿ ಕಫ. ಅದರ ಬಣ್ಣ ಹೇಳಲು ಬೇಕಾದ ಪದಗಳೆಲ್ಲ ನನಗೆ ಬರುತ್ತಿದ್ದವು, ಹೂವಿನ ಹೆಸರು ಒಂದೂ ಬರುತ್ತಿರಲಿಲ್ಲ.

ಮೊದಲ ದಿನ ತೊಡಿಸಿ ತೋರಿಸಿದ ಅಂಗಿ ಆಸ್ಪತ್ರೆಯದು. ಮನೆಗೆ ಒಯ್ಯಲು ಸರದಿ ಕಾಯಬೇಕಿತ್ತು. ಅಲ್ಲಿಯವರೆಗೆ ಕೈಯೇ ಗತಿ. ಅಂಗೈಯನ್ನು ಬಟ್ಟಲು ಮಾಡಿ, ಒಳಗೆ ಗಾಳಿ ನಿಲ್ಲುವಂತೆ, ಮಗುವಿನ ಬೆನ್ನು ಪಕ್ಕೆಗಳನ್ನು ತಟ್ಟಬೇಕು. ಜೋಳದ ರೊಟ್ಟಿ ಬಡಿದು ಬೆಳೆದ ಕೈ ನನ್ನದು, ಚಪ್ಪಟೆಯಾಗಿಯೇ ಬೀಳುತ್ತಿತ್ತು. ಚನ್ನಿಯ ಬೆನ್ನು ಕೆಂಪಾಗಿ, ಅವಳು ಅತ್ತಳು. ಆಗ ಗೋಡೆಯಾಚೆಯಿಂದ ಯಾರೋ ದಡದಡ ಬಡಿದರು. ಬಾಗಿಲು ತೆರೆದರೆ ನೆರೆಯ ಸುಮನಬಾಯಿ, ಕೊಂಕಣದ ಹೆಂಗಸು, ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. "ಅಗ, ಲೇಕರಾಲಾ ಕಶಾಲಾ ಮಾರತೇಸ?" ಕೂಸನ್ನು ಯಾಕೆ ಹೊಡೆಯುತ್ತಿ ಎಂದು. ಹರಕುಮುರುಕು ಮರಾಠಿಯಲ್ಲಿ ಎಲ್ಲ ಹೇಳಿದೆ. ಅವಳು ಒಳಗೆ ಬಂದು, ಚನ್ನಿಯನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು, ತೋರಿಸು ಎಂದಳು. ನನಗಿಂತ ಮೊದಲು ಅವಳ ಕೈಗೇ ಅದು ಹತ್ತಿತು. ನನಗೆ ಹತ್ತಿದ ಮೇಲೆ ರೊಟ್ಟಿ ಕೆಟ್ಟಿತು. ಹಿಟ್ಟಿನ ಮೇಲೂ ಕೈ ಬಟ್ಟಲಾಗಿ ಬಿದ್ದು, ರೊಟ್ಟಿ ನಡುವೆ ಹರಿದುಹೋಗುತ್ತಿತ್ತು.

ಕೊನೆಗೆ ಅಂಗಿ ಸಿಕ್ಕಿತು. ಪರದೇಶದವರು ಯಾರೋ ಕಳಿಸಿದ್ದು, ಸಣ್ಣ ಮಕ್ಕಳ ಅಳತೆಯದು. ಅಲ್ಲಿಯ ಕರೆಂಟಿಗೆ ಮಾಡಿದ ಯಂತ್ರವಾದ್ದರಿಂದ ನಮ್ಮ ಕರೆಂಟು ಇಳಿಸಲು ಬೇರೊಂದು ಡಬ್ಬಿ ಬೇಕು. ಸ್ವಿಚ್ಚು ಹಾಕಿದ ದಿನ ಗಂಡ ಬಹಳ ದಿನಗಳ ಮೇಲೆ ನಕ್ಕರು. "ಇದು ನಮ್ಮ ಮಗ್ಗದ ಮರಿ ನೋಡ ಬೇ, ದನಿ ಅದ ಐತಿ" ಎಂದರು. ಚನ್ನಿ ಅಂಗಿ ತೊಟ್ಟು ಹಾಡುವಳು, ದನಿ ಥರಥರ ಒಡೆಯುವುದು, ಚಾಳಿನ ಮಕ್ಕಳು ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಗುವರು. ನಮ್ಮ ಕೈಗಿಂತ ಯಂತ್ರವೇನೂ ಹೆಚ್ಚಲ್ಲ, ಕೈಗೆ ದಣಿವಿದೆ, ಅದಕ್ಕಿಲ್ಲ, ಅಷ್ಟೇ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಆದರೂ ಅವಳು ಖೋಲಿಗಳ ಮುಂದಿನ ಉದ್ದ ಗ್ಯಾಲರಿಯ ಆ ತುದಿಯಿಂದ ಈ ತುದಿಗೆ ನಿಲ್ಲದೆ ಓಡಿ ಬಂದ ದಿನ ನಾನು ಇಡೀ ಮಾಳಿಗೆಗೆ ಶಿರಾ ಹಂಚಿದೆ. ಬಾಲವಾಡಿಗೂ ಹೋದಳು. ಮರಾಠಿಯಲ್ಲಿ ನನ್ನನ್ನು ತಿದ್ದತೊಡಗಿದಳು. ಅಲ್ಲಿಯ ಮಕ್ಕಳಂತೆ ನನ್ನನ್ನು ಆಯಿ ಎಂದು ಕರೆಯತೊಡಗಿದಳು. ನಮ್ಮ ಮನೆಯಲ್ಲಿ ಆಯಿ ಎಂದರೆ ಅಜ್ಜಿ. ನನಗೆ ವಯಸ್ಸಾಯಿತೇ ಎಂದು ಗದರಿದರೂ ಒಳಗೆ ಇಷ್ಟವಾಗುತ್ತಿತ್ತು.

ಊರಿಗೆ ಮಾತ್ರ ಹೋಗಲಾಗಲಿಲ್ಲ. ಆಸ್ಪತ್ರೆಯ ಆ ಅಂಗಿಯನ್ನು ಮುಂಬಯಿ ದಾಟಿಸುವಂತಿರಲಿಲ್ಲ. ದಾಟಿಸಿದರೂ ನಮ್ಮಲ್ಲಿ ಕರೆಂಟು ಬರುವುದು ಪಾಳಿಯ ಮೇಲೆ. ಬಂದಾಗ ಮಗ್ಗ ಓಡುತ್ತವೆ, ಮಗ್ಗ ಓಡಿದರೆ ಧೂಳು. ಹಾಗಾಗಿ ಊರನ್ನು ನಾನು ಮಾತಿನಲ್ಲೇ ತರಿಸಿಕೊಂಡೆ. ಅಂಗಿ ನಡುಗುವಷ್ಟು ಹೊತ್ತೂ ಚನ್ನಿಗೆ ಕೃಷ್ಣೆಯ ಸೇತುವೆ, ಮುಧೋಳದ ಬಿಸಿ ಬೆಲ್ಲ, ಓಣಿಯ ಕಟ್ಟೆ, ಊರಿನ ಅಜ್ಜಿಯ ಸೆರಗು ಎಂದು ಹೇಳುತ್ತಿದ್ದೆ. ಅವಳು ಕಣ್ಣರಳಿಸಿ ಕೇಳುವಳು. ಪಾಪ, ಕೂಸಿಗೆ ಎಷ್ಟು ಹಂಬಲ ಎಂದು ನನಗೆ ಅಳು ಬರುತ್ತಿತ್ತು.

ಒಮ್ಮೆ ಅತ್ತೆಯೇ ಬಂದರು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಜೊತೆಗೆ ಒಂದು ಗಂಟು ಉಪ್ಪು. ಸಮುದ್ರದ ದಂಡೆಯ ಊರಿಗೆ ಉಪ್ಪು ಹೊತ್ತು ತಂದಿರಾ ಎಂದು ನಗಲು ಹೋದೆ, ಅವರ ಮುಖ ನೋಡಿ ನಗಲಾಗಲಿಲ್ಲ. ಮೊದಲ ಸಲ ಯಂತ್ರ ನೋಡಿದಾಗ ಹೌಹಾರಿದರು. "ಹಿಂಗ ಅಲ್ಲಾಡಿಸಿದ್ರ ಜೀವ ಉದುರಿ ಬಿದ್ದೀತಲ್ಲ ಯವ್ವಾ!" ಮರುದಿನದಿಂದ ಚನ್ನಿಯ ಎರಡೂ ಕೈ ಹಿಡಿದು ಎದುರಿಗೆ ಕೂತರು. ಮೊಮ್ಮಗಳ ಜೊತೆ ಅವರ ಬಳೆಗಳೂ ನಡುಗುತ್ತಿದ್ದವು. ಹೊರಡುವಾಗ ನನ್ನ ಗದ್ದ ಹಿಡಿದು ಹೇಳಿದರು: "ಮನಿಗೆ ಕರಕೊಂಡ ಬಾ ಬೇ. ನಮ್ಮ ಕೂಸು ನಮ್ಮ ಮಂದಿ ನಡುವ ಇರ್ಲಿ."

ಮರುವರ್ಷದ ಮಳೆಗಾಲಕ್ಕೆ ಚನ್ನಿಯ ಎದೆ ಮತ್ತೆ ಕಟ್ಟಿತು. ಅಂಗಿ ನಡುಗಿದರೂ ಕಫ ಕದಲಲಿಲ್ಲ. ಆಸ್ಪತ್ರೆಯ ಮಂಚ, ಸೂಜಿ, ಮತ್ತೆ ಮನೆ, ಮತ್ತೆ ಮಂಚ. ತುಟಿ ನೀಲಿಯಾಗತೊಡಗಿದವು. ಒಂದು ಸಂಜೆ ಡಾಕ್ಟರಮ್ಮ ನನ್ನ ಪಕ್ಕದಲ್ಲಿ ಬಂದು ಕೂತರು. ಮಾಡುವುದೆಲ್ಲ ಮಾಡಿಯಾಯಿತು, ಇನ್ನು ಅವಳು ಎಲ್ಲಿರಬೇಕು ಎಂಬುದನ್ನು ನೀವೇ ಯೋಚಿಸಿ ಎಂದರು.

"ಇಲ್ಲೇ ಇರೂನು. ಮಿಷಿನ್ ಬಿಟ್ಟ ಹೆಂಗ ಹೋಗೂದು?" ಗಂಡ ಹೇಳಿದರು.

"ಮಿಷಿನ್ ಏನ್ ಮಾಡಾಕತ್ತೇತ್ರಿ ಈಗ? ಆಕಿ ತನ್ನ ಮನ್ಯಾಗ ಇರ್ಲಿ. ಕಡೀಕ ಅಷ್ಟರ ಆಗ್ಲಿ."

ನನ್ನ ಬಾಯಿಯ ಮುಂದೆ ಅವರು ಯಾವತ್ತೂ ಗೆದ್ದವರಲ್ಲ. ಖೋಲಿ ಬಿಟ್ಟೆವು. ಅಂಗಿಯನ್ನು ಒರೆಸಿ ಮಡಿಸಿ ಆಸ್ಪತ್ರೆಗೆ ಒಪ್ಪಿಸಿದೆ. ಅಲ್ಲಿ ಕಾಯುತ್ತಿದ್ದ ಒಬ್ಬ ತಾಯಿ ಅದನ್ನು ಎದೆಗೆ ಅವುಚಿಕೊಂಡ ರೀತಿಗೆ ನನಗೆ ಸಿಟ್ಟು ಬಂತು. ನಾನೂ ಹಾಗೆಯೇ ಅವುಚಿಕೊಂಡಿದ್ದೆ ಎಂಬುದು ಮೆಟ್ಟಿಲಿಳಿಯುವಾಗ ನೆನಪಾಯಿತು.

ಬನಹಟ್ಟಿಯಲ್ಲಿ ಮಗ್ಗ ನಿಲ್ಲಿಸಿ, ಮನೆ ತೊಳೆದು, ಸುಣ್ಣ ಬಳಿದು ಕಾದಿದ್ದರು. ಓಣಿಯೆಲ್ಲ ನೋಡಲು ಬಂತು. ಎಲ್ಲರೂ ಗಲ್ಲ ಸವರಿದರು. ಚನ್ನಿ ನನ್ನ ಸೆರಗು ಬಿಡಲಿಲ್ಲ. ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಟ್ಟಳು. ಮಕ್ಕಳು ನಕ್ಕವು. ನಾನು ಬೆಲ್ಲ ತೋರಿಸಿದೆ, ಕಟ್ಟೆ ತೋರಿಸಿದೆ. ನಾನು ಹೇಳಿದ ಕತೆಯೊಳಕ್ಕೆ ಬಂದು ಬಿದ್ದವಳ ಹಾಗೆ ಸುಮ್ಮನೆ ನೋಡಿದಳು. ಕೆಲವು ದಿನ ಕಳೆದ ಮೇಲೆ, ಒಂದು ಸಂಜೆ ತೊಡೆಯ ಮೇಲೆ ಮಲಗಿಸಿಕೊಂಡು ಬೆನ್ನು ತಟ್ಟುತ್ತಿದ್ದಾಗ, ಉಸಿರು ಎಳೆದೆಳೆದು ಮೆಲ್ಲಗೆ ಕೇಳಿದಳು.

"ಆಯಿ, ಘರೀ ಕಧೀ ಜಾಯಚ?"

ಮನೆಗೆ ಯಾವಾಗ ಹೋಗುವುದು ಎಂದು.

ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲಿದ್ದು ಅತ್ತೆಗೆ ಕಿವಿ ಮಂದ. ಎದುರಿಗೇ ಕೂತಿದ್ದರೂ ಕೇಳಿಸಿರಲಿಲ್ಲ.

"ಏನಂತು ಬೇ ಕೂಸು?"

"ನೀರ ಬೇಕಂತ್ರಿ" ಎಂದೆ.

ಅವರು ಲಗುಬಗೆಯಿಂದ ಎದ್ದು ನೀರು ತಂದರು. ಅದರಲ್ಲಿ ಚಿಟಿಕೆ ಉಪ್ಪು ಹಾಕಿ ಕದಡಿದ್ದರು. ಚನ್ನಿ ಕುಡಿದಳು.

ಆ ತಿಂಗಳು ದಾಟಲಿಲ್ಲ. ನಮ್ಮ ಹೊಲದ ಬದುವಿನಲ್ಲಿ ಅವಳನ್ನು ಮಣ್ಣು ಮಾಡಿದೆವು. ಗಂಡ ತಮ್ಮ ಮಗ್ಗಕ್ಕೆ ಮರಳಿದರು. ನಾನು ಮತ್ತೆ ಪರೇಲಿನ ಅದೇ ಚಾಳಿಗೆ ಬಂದು, ಸುಮನಬಾಯಿಯ ಪಕ್ಕದ ಖೋಲಿಯಲ್ಲಿದ್ದೇನೆ. ಒಂದು ಖಾನಾವಳಿಗೆ ರೊಟ್ಟಿ ಮಾಡಿಕೊಡುತ್ತೇನೆ. ಗಂಡ ಆಗೀಗ ಬರುತ್ತಾರೆ, ಏನೂ ಕೇಳುವುದಿಲ್ಲ. ಅತ್ತೆ ಮಾತ್ರ ಫೋನಿನಲ್ಲಿ ಕೂಗಿ ಕೂಗಿ ಕೇಳುತ್ತಾರೆ: "ಕೂಸಿನ ಮಣ್ಣು ಇಲ್ಲೈತಿ, ಗಂಡ ಇಲ್ಲದಾನ. ಆ ಊರಾಗ ನಿನಗ ಯಾರದಾರ ಬೇ?"

ಅವರಿಗೆ ಏನು ಹೇಳಲಿ? ಆ ಸಂಜೆ ಕೂಸು ಕೇಳಿದ್ದು ನೀರು ಎಂದೇ ಅವರು ಇವತ್ತಿಗೂ ನಂಬಿದ್ದಾರೆ. ಅವಳು ಮನೆಗೆ ಹೋಗೋಣ ಎಂದಿದ್ದಳು. ನಾನೊಬ್ಬಳೇ ಬಂದೆ.