ಗೋಡೆಗೆ ಕೊಟ್ಟ ಆಜಾನ್

ಹಲ್ಲು ಉದುರಿದ ಮೇಲೆ ಚಾಚಾ ಆಜಾನ್ ಕೊಟ್ಟರೆ ನಡುನಡುವೆ ಸೀಟಿ ಬರುತ್ತಿತ್ತು. ಐದು ಹೊತ್ತೂ ಜನರನ್ನು ಮಸೀದಿಗೆ ಕರೆಯುವುದೇ ಅವರ ಕೆಲಸ; ಕಂಠದ ಜಂಬ ಮಾತ್ರ ಇನ್ನೂ ಇಳಿದಿರಲಿಲ್ಲ.

ಮಸೀದಿ ಕಮಿಟಿಯ ಅಧ್ಯಕ್ಷನಿಗೆ ಮೊಬೈಲ್ ಅಂಗಡಿ. ಒಂದು ದಿನ ತನ್ನ ಫೋನನ್ನು ಬ್ಲೂಟೂತಿನಲ್ಲಿ ಮೈಕಿಗೆ ಜೋಡಿಸಿದ. ಹೊತ್ತಿಗೆ ಸರಿಯಾಗಿ ಆ್ಯಪ್ ತಾನೇ ಆಜಾನ್ ಕೊಡತೊಡಗಿತು, ಜೇನಿನಂಥ ದನಿ. ಫೋನ್ ಬೇರೆಯವರ ಕೈಗೆ ಕೊಟ್ಟರೆ ಅಧಿಕಾರ ಸೋರಿಹೋಗುತ್ತದಲ್ಲ, ಹಾಗಾಗಿ ಆತ ಐದು ಹೊತ್ತೂ ಮಸೀದಿಗೆ ಬರಲು ಶುರು ಮಾಡಿದ್ದು ಆಗಲೇ.

"ಚಾಚಾ, ನೀವಿನ್ನು ಚಾಪೆ ಹಾಸ್ಕೊಂಡು ಆರಾಮಾಗಿರಿ" ಎಂದ.

ಚಾಚಾ ಮನೆಗೆ ಬಂದು ಮುಖ ಊದಿಸಿಕೊಂಡು ಕೂತರು. ಚಾಚಿ ಬಿಡಲಿಲ್ಲ. "ರೆಕಾರ್ಡ್ ಹಾಕಿದ್ರೆ ಆಜಾನ್ ಆಗುತ್ತೇನ್ರೀ? ಮುಫ್ತಿ ಸಾಹೇಬ್ರನ್ನ ಕೇಳಿ."

ಫೋಟೋ ತೆಗೆಸಿಕೊಳ್ಳುವುದೇ ಪಾಪವೆಂದು ಹಿಂದೆ ಗುಡುಗುತ್ತಿದ್ದ ಮುಫ್ತಿ, ಈಗ ರಿಂಗ್ ಲೈಟ್ ಹಚ್ಚಿಕೊಂಡು ವಿಡಿಯೋ ಕಾಲಿನಲ್ಲೇ ಫತ್ವಾ ಕೊಡುತ್ತಿದ್ದರು. "ಯಂತ್ರಕ್ಕೆ ನಿಯ್ಯತ್ತು, ಅಂದ್ರೆ ಮನಸ್ಸು, ಎಲ್ಲಿಂದ ಬರಬೇಕು? ಜೀವ ಇರೋ ಮನುಷ್ಯನೇ ಕರೀಬೇಕು" ಎಂದರು.

ಅಧ್ಯಕ್ಷ ಸುಲಭಕ್ಕೆ ಸೋಲುವ ಕುಳವಲ್ಲ. "ಸರಿ, ಚಾಚಾ ಮೈಕಿಲ್ದೆ ಮೆಲ್ಲಗೆ ಆಜಾನ್ ಕೊಡ್ಲಿ, ಮೈಕಲ್ಲಿ ರೆಕಾರ್ಡ್ ಓಡ್ಲಿ. ಶರೀಯತ್ತೂ ಉಳೀತು, ಮರ್ಯಾದೆನೂ ಉಳೀತು!"

ಕಮಿಟಿ ತಲೆದೂಗಿತು. ಅಂದಿನಿಂದ ಯಂತ್ರ ಬೀದಿಗೆಲ್ಲ ಕೂಗಿತು, ಚಾಚಾ ಗೋಡೆಗೆ ಪಿಸುಗುಟ್ಟಿದರು.

ಒಂದು ಮಧ್ಯಾಹ್ನ ಆಜಾನ್ ಅರ್ಧಕ್ಕೆ ಬಂದಿತ್ತು. ಅಧ್ಯಕ್ಷನ ಹೆಂಡತಿ ಫೋನ್ ಮಾಡಿದಳು. ಕರೆ ತಾನೇ ತೆರೆದುಕೊಳ್ಳುವಂತೆ ಆತ ಫೋನನ್ನು ಅಣಿಮಾಡಿ ಇಟ್ಟುಕೊಂಡಿದ್ದ. ಅದೂ ಒಂದು ಠೀವಿ. ಮೈಕಿನಿಂದ ದನಿ ಮೊಳಗಿತು: "ರೀ, ತಲೆಗೆ ಬಣ್ಣ ಬಳ್ಕೊಂಡಿದ್ ಟವೆಲ್ಲನ್ನ ನಮ್ಮಮ್ಮನ ಹಾಸಿಗೆ ಮೇಲೆ ಯಾಕ್ರೀ ಬಿಸಾಕಿದ್ದೀರಾ? ಕೂದಲು ಕಪ್ಪಗಾದ್ರೆ ಬುದ್ಧಿ ಬಂದ್ಬಿಡುತ್ತಾ?"

ಅಧ್ಯಕ್ಷ ಜೇಬು ತಡಕಾಡಿ, ತಬ್ಬಿಬ್ಬಾಗಿ ಏನೋ ಒತ್ತಿದ. ದನಿ ಇನ್ನಷ್ಟು ಏರಿತು. ಮುಂದಿನ ಸಾಲಿನವರು ಗಡ್ಡದಲ್ಲೇ ನಗು ಬಚ್ಚಿಟ್ಟುಕೊಂಡರು. ಚಾಚಾ ಮಾತ್ರ ನಿಲ್ಲಿಸದೆ, ಗೋಡೆ ನೋಡುತ್ತಲೇ ಕೊನೆಯವರೆಗೂ ಹೇಳಿ ಮುಗಿಸಿದರು.

ಅವತ್ತಿನ ಆಜಾನ್ ಊರ್ಜಿತವೇ ಎಂದು ಮತ್ತೆ ಮುಫ್ತಿಯನ್ನು ಕೇಳಲಾಯಿತು. ಅವರು ಗಂಭೀರವಾಗಿ ಹೇಳಿದರು: "ಚಾಚಾ ಕೊಟ್ಟಿದ್ದು ಊರ್ಜಿತ. ಅಧ್ಯಕ್ಷರ ಮನೆಯವರು ಕೊಟ್ಟಿದ್ದಲ್ಲ."

ಮೈಕು ಚಾಚಾ ಕೈಗೆ ಮರಳಿತು. ಮಸೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಅಧ್ಯಕ್ಷ ಬರೆದ: 'ಹಿರಿಯರ ಮೇಲಿನ ಗೌರವದಿಂದ ನಾನೇ ಕೈಗೊಂಡ ತೀರ್ಮಾನ.'

ಚಾಚಾ ಕಣ್ಣೊರೆಸಿಕೊಂಡು, "ದೊಡ್ಡ ಮನಸ್ಸು ಅವನದ್ದು" ಎಂದರು.

"ನಿಮ್ಮದು ದಡ್ಡ ಮನಸ್ಸು" ಎಂದು ಚಾಚಿ ಒಳಗೆ ಹೋದರು.